ಸಾಂಬನಿಗೆ ಇನ್ನೊಂದು ಬೀಗ

ಬಲ್ಲಾರಟ್‌ನ ಲೈಬ್ರರಿಯೊಂದು ಹೊರಗಿಟ್ಟ ಡಬ್ಬ ಕಂಪ್ಯೂಟರು,
ಇಪ್ಪತ್ತು ಡಾಲರು. ಬೆನ್ನಿಗೆ ಇನ್ನೂ ಅಂಟಿದೆ ಚೀಟಿ:
ಮಕ್ಕಳ ವಿಭಾಗ, ೩.
ಲಾಂಡ್ರಿ ಕೋಣೆಯ ಡ್ರೈಯರ್ ಪಕ್ಕ ಕೂರಿಸಿ
ಲಿನಕ್ಸ್ ಹಾಕಿ ಹೆಸರಿಟ್ಟೆ: ಕಣಜ.

ಜುಲೈ ಚಳಿ. ಕಾರಿನ ಗಾಜಿನ ಮೇಲೆ
ಇಬ್ಬನಿ ಹೆಪ್ಪುಗಟ್ಟಿ ಕಲ್ಲುಪ್ಪಾಗಿದೆ.
ಕಣಜದ ಬಿಸಿ ಉಸಿರಿಗೆ ಪಾದ ಒಡ್ಡಿ
ಹಂಚಲು ಕೂತೆ, ಒಂದೇ ಒಂದು ಫೋಲ್ಡರು,
ಹೆಸರು ಪಡಸಾಲೆ.
ಮೂವರೂ ಬರಬಹುದು, ಇಡಬಹುದು, ಎತ್ತಿಕೊಳ್ಳಬಹುದು.

ಹಂಚುವ ತಂತ್ರಾಂಶದ ಹೆಸರು ಸಾಂಬಾ.
ನಗು ಬಂತು. ಅರ್ಧ ಮೈಯನ್ನೇ ಹಂಚಿಕೊಟ್ಟವನಿಗೆ
ಒಂದು ಫೋಲ್ಡರು ಯಾವ ಲೆಕ್ಕ?

ಲೆಕ್ಕವಿತ್ತು.
ಅಡುಗೆಮನೆಯಿಂದ ಪ್ರಫುಲ್ಲ ಕೂಗಿದ, ‘ಅನುಮತಿ ಇಲ್ವಂತೆ!’
ಹೆಸರು ಸರಿ, ಪಾಸ್‌ವರ್ಡ್ ಸರಿ, ತಂತಿ ಸರಿ.
ಸಾರು ಆರಿತು. ಬಿಸಿಯಾಯಿತು. ಮತ್ತೆ ಆರಿತು.
ಹತ್ತೂವರೆಗೆ ಹೊಳೆಯಿತು:
ಮನೆಗೊಂದು ಬೀಗ, ಸಾಂಬನಿಗೆ ಇನ್ನೊಂದು.
ಯಂತ್ರಕ್ಕೆ ಆಗಲೇ ಗೊತ್ತಿರುವ ಗಂಡನನ್ನು
ದೇವರಿಗೆ ಬೇರೆಯೇ ಪರಿಚಯ ಮಾಡಿಸಬೇಕು,
ಗುಟ್ಟಿನ ಪದ ಎರಡೆರಡು ಸಲ ಉಸುರಿ.

ತೆರೆಯಿತು.
ಪ್ರಫುಲ್ಲ ಮೊದಲು ತಂದಿಟ್ಟದ್ದು ನೀರಿನ ಬಿಲ್ಲು.
ನಾನು, ಯಾರದೋ ಮದುವೆಯ ಆರುನೂರು ಫೋಟೊ.
ಮೇದಿನಿ ಏನೂ ಇಡಲಿಲ್ಲ ಅಂದುಕೊಂಡೆ,
ಹನ್ನೆರಡು ತುಂಬದವಳ ಹತ್ತಿರ ಏನಿರುತ್ತದೆ.

ಗುರುವಾರ, ಡಿಸ್ಕು ಎಷ್ಟು ತುಂಬಿತೆಂದು ನೋಡಹೋದರೆ
ಪಟ್ಟಿಯ ಕೊನೆಗೆ ಕೂತಿತ್ತು:
ಅಮ್ಮ_ನೋಡಬಾರದು.
ರಾತ್ರಿ ಹನ್ನೊಂದು ನಲವತ್ತಕ್ಕೆ ಹುಟ್ಟಿದ್ದು.
ಇಪ್ಪತ್ತು ಕೆಬಿ. ಹಿಡಿಯಷ್ಟು ಅಕ್ಷರ.

ನಾನಿಲ್ಲಿ ರೂಟ್. ಬೇರು.
ನನಗೆ ಈ ಮನೆಯಲ್ಲಿ ಬಾಗಿಲುಗಳೇ ಇಲ್ಲ.
ಬೆರಳು ಅರ್ಧ ಆಜ್ಞೆ ಹೊಡೆದೂ ಆಗಿತ್ತು.
ಅಷ್ಟರಲ್ಲಿ ಡ್ರೈಯರ್ ನಿಂತಿತು.
ಅವಳ ಶಾಲೆಯ ಸ್ವೆಟರಿನ ಗುಂಡಿ
ತಗಡಿಗೆ ಟಣ್ ಎಂದು ಬಡಿದು ಸುಮ್ಮನಾಯಿತು.

ಆಗ ಕಂಡಿತು ಎಡಗಡೆಯ ಆ ಸಣ್ಣ ಅಕ್ಷರಗಳ ಸಾಲು.
ಹುಡುಗಿ ಬೋರ್ಡು ಬರೆದು ನೇತುಹಾಕಿದ್ದಾಳೆ,
ಅಗುಳಿ ಹಾಕಿಲ್ಲ.
ಅಪ್ಪ ಓದಬಹುದು, ಬಂದ ನೆಂಟರು ಓದಬಹುದು,
ವೈಫೈ ಕೇಳಿದ ಪಕ್ಕದ ಮನೆಯ ಹ್ಯಾಮಿಷ್ ಕೂಡ.

ಅರ್ಧ ಆಜ್ಞೆ ಅಳಿಸಿದೆ.
ಬೇರೆಯದು ಬರೆದೆ: ಏಳು ಸೊನ್ನೆ ಸೊನ್ನೆ.
ಅವಳಿಗೆ ಎಲ್ಲ. ಉಳಿದವರಿಗೆ ಏನೂ ಇಲ್ಲ.
ನನ್ನ ಹತ್ತಿರ ಇನ್ನೂ ಕೀಲಿ ಇದೆ, ಸುಳ್ಳೇಕೆ ಹೇಳಲಿ.

ಏಳು, ಎಂದೆ, ನನಗೇ.
ಎದ್ದು ಬಟ್ಟೆ ಮಡಿಸತೊಡಗಿದೆ.
ಸ್ವೆಟರು ಇನ್ನೂ ಬಿಸಿ.