ಎಡಗೈ ಪಿಟೀಲು

ಅಂಗೈಯಗಲದ ತಗಡು. ಮೂಲೆಯೊಂದು ಮಡಿಚಿ
ತುಕ್ಕು ಹತ್ತಿದೆ. ಅದರೊಳಗೆ ನಮ್ಮ ತಾತನ ತಾತ
ಆಬ್ನರ್ ಟ್ಯಾಕೆಟ್, ಓಹಾಯೋ ನದಿಯ ದಂಡೆಯವ,
ದೋಣಿಯ ಸಂದಿಗೆ ಡಾಂಬರು ತುಂಬುತ್ತಿದ್ದವ,
ಶನಿವಾರ ರಾತ್ರಿ ಮಾತ್ರ ಪಿಟೀಲಿನವ.

ಪಿಟೀಲು ಗದ್ದದಡಿಗಿಲ್ಲ. ಎದೆಗೆ ಆನಿಸಿದ್ದಾನೆ,
ಹಾಲು ಕುಡಿದ ಕೂಸನ್ನು ತೇಗಿಸುವಾಗ
ಎತ್ತಿಕೊಳ್ಳುವ ಹಾಗೆ.
ಕಮಾನನ್ನು ಬುಡದಲ್ಲಲ್ಲ, ಒಂದು ಗೇಣು ಮೇಲೆ ಹಿಡಿದಿದ್ದಾನೆ.
ಈಗಿನ ಮೇಷ್ಟ್ರು ಕಂಡರೆ ಗೆಣ್ಣಿಗೇ ಕೊಡುತ್ತಿದ್ದರು.
ಆ ಕಮಾನು ಇರುವುದು
ಎಡಗೈಯಲ್ಲಿ.

ಹಾಗಾಗಿ ನಮ್ಮದು ಎಡಚರ ಮನೆತನ.
ತಾತ ಲೆಮ್ಯುಯೆಲ್ ಅವನನ್ನು ಕಂಡವನಲ್ಲ, ಈ ತಗಡನ್ನು ಕಂಡವನು.
ಬಲಗೈಯಲ್ಲೇ ಉಂಡ, ಬಲಗೈಯಲ್ಲೇ ಸಹಿ ಹಾಕಿದ,
ಪಿಟೀಲಿಗೆ ಮಾತ್ರ ತಂತಿ ತಿರುವುಮುರುವು ಕಟ್ಟಿ
ಎಡಗೈಗೆ ಕಮಾನು ಕೊಟ್ಟ. ಟ್ಯಾಕೆಟ್ ಹಿಡಿತ, ಅಂದ.
ಸೋದರತ್ತೆ ಕೆಜಾಯ ಅತ್ತಳು, ಅತ್ತೂ ಕಲಿತಳು.
ಏಳನೆಯ ವರ್ಷಕ್ಕೆ ನನ್ನನ್ನೂ ಇದರ ಮುಂದೆ ನಿಲ್ಲಿಸಿ
ಹೀಗೆ, ಅಂದರು.
ಹಾಗೇ ಹಿಡಿದೆ. ಐವತ್ತು ವರ್ಷ.

ಮೊನ್ನೆ ಮಾರಿಯೆಟ್ಟಾದಲ್ಲಿ
ನನ್ನ ಪಿಟೀಲಿನ ಬಿರುಕಿಗೆ ಅಂಟು ಹಚ್ಚುತ್ತಿದ್ದ ಮುದುಕ ಓಟಿಸ್
ತಗಡು ನೋಡಿ ಮೀಸೆಯಲ್ಲೇ ನಕ್ಕ.
ಅಂಗಿಯ ಗುಂಡಿ ಯಾವ ಕಡೆ ನೋಡಮ್ಮ, ಅಂದ.
ಗುಂಡಿ ಹೆಂಗಸರ ಕಡೆಗೆ.
ಮದುವೆಯುಂಗುರ ಬಲಗೈಯಲ್ಲಿ.
ತಗಡಿನ ಮೇಲೆ ಬಿದ್ದ ಬೆಳಕು ಬಿದ್ದ ಹಾಗೇ ಕೂತುಬಿಡುತ್ತೆ,
ಆ ಕಾಲದಲ್ಲಿ ಎಲ್ಲರೂ ಎಡಚರೇ, ಅಂದು
ಕ್ಷೌರದ ಕನ್ನಡಿ ತಂದು ಎದುರಿಗೆ ಹಿಡಿದ.
ಆಬ್ನರ್ ಬಲಗೈಯವನಾದ, ಎಲ್ಲರಂಥವನಾದ,
ಪಕ್ಕದ ಮನೆಯವನ ಹಾಗೆ ಕಂಡ.
ಎಡವಟ್ಟು ಅನ್ನುವುದು ಇದಕ್ಕೇ ಇರಬೇಕು.

ಕನ್ನಡಿಯೊಳಗಿನ ಗಂಟು ಕೈಗೆ ಸಿಗದು ಅನ್ನುತ್ತಾರೆ.
ನಮಗೆ ಸಿಕ್ಕಿತ್ತು. ಬಿಚ್ಚಿ, ಉಂಡು,
ಮಕ್ಕಳಿಗೂ ಬಡಿಸಿದ್ದೆವು.

ರಾತ್ರಿ ಅಡಿಗೆಮನೆಯಲ್ಲಿ ಭೂತಗನ್ನಡಿ ಹಿಡಿದು ಕೂತೆ.
ಕತ್ತಿನ ಹಿಂದೆ ಕಬ್ಬಿಣದ ಇಕ್ಕಳ ಇದ್ದಿರಬೇಕು,
ತಲೆ ಅಷ್ಟು ನೆಟ್ಟಗಿದೆ.
ಕಮಾನು ತಂತಿಯನ್ನು ಮುಟ್ಟಿಯೇ ಇಲ್ಲ,
ಕೂದಲೆಳೆ ಮೇಲೆ ನಿಂತಿದೆ.
ಎಂಟು ಎಣಿಸುವವರೆಗೆ ಅಲುಗಬೇಡ,
ಉಸಿರೂ ಬಿಡಬೇಡ ಅಂದಿರಬೇಕು ಫೋಟೋದವನು.
ಬಿಟ್ಟಿಲ್ಲ ಇವನು. ಗಡ್ಡ ಸ್ಪಷ್ಟ, ಕೋಟಿನ ತೇಪೆ ಸ್ಪಷ್ಟ,
ಉಗುರಿನೊಳಗಿನ ಡಾಂಬರು ಕೂಡ.

ಕೆಳಗೆ ಒಂದು ಬೂಟು ಮಾತ್ರ
ಮಂಜು ಮಂಜು.

ಎಡದ್ದೋ, ಬಲದ್ದೋ,
ಕನ್ನಡಿ ತರಲು ನಾನು ಏಳಲಿಲ್ಲ.
ಎಂಟು ಎಣಿಸುವಷ್ಟರಲ್ಲಿ ಎಷ್ಟು ಸಲ ಬಿದ್ದಿರಬಹುದು ಅಂತ
ಕೂತಲ್ಲೇ
ನೆಲಕ್ಕೆ ಕುಟ್ಟಿ ನೋಡಿದೆ.