ಒಂದು ಪೀಸು ಕಮ್ಮಿ

ಮೊದಲು ಕಾಣೆಯಾದದ್ದು ದಾರ.
ಹಳದಿ, ದಪ್ಪನೆಯದು, ಜೀನ್ಸಿನ ಜೇಬಿನಂಚಿಗೆ ಹೊಡೆಯುವುದು.
ಮಾಬುನ್ನಿ ಒಯ್ದಳೆಂದುಕೊಂಡೆ. ಕೇಳಲಿಲ್ಲ.
ಎರಡು ದಿನ ಅವಳ ಚಹಾದ ಕಪ್ಪನ್ನು ಮಾತ್ರ
ತುಸು ಸದ್ದು ಮಾಡಿ ಇಟ್ಟೆ.

ಮೂರನೇ ದಿನ ನೋಡಿದರೆ ಬೇವಿನ ಟೊಂಗೆಯಿಂದ
ಪಟ ಹರಿದುಹೋದ ಬಾಲಂಗೋಚಿಯಂತೆ
ಅದೇ ದಾರ ಇಳಿಬಿದ್ದಿದೆ.
ಮೇಲಿನ ತುದಿಗೆ ಇಣಚಿ.
ಬಾಲ ಕುಣಿಸಿ ಕುಣಿಸಿ
ನನ್ನನ್ನೇ ಬೈಯುತ್ತಿದೆ, ಚಿಕ್ ಚಿಕ್ ಚಿಕ್.

ಕೌಲ್ ಬಜಾರಿನ ಈ ಹಿಂದಿನ ಓಣಿಯಲ್ಲಿ
ಮನೆಗೆರಡು ಮಷಿನ್ನು, ಹಿತ್ತಲಿಗೊಂದು ಮರ.
ಮಷಿನ್ನು ಎಣಿಸುತ್ತಿದ್ದೆವು. ಮರವನ್ನು
ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೋಟರಿನ ವೈರು ಕಡಿದ ದಿನ
ಓಣಿಗೆ ಓಣಿಯೇ ಬುದ್ಧಿ ಹೇಳಲು ಬಂತು.
ಖಾರದಪುಡಿ ಚೆಲ್ಲು ಅಂದರು, ಚೆಲ್ಲಿದೆ.
ಗಾಳಿ ತಿರುಗಿ, ಓವರ್‌ಲಾಕಿನ ಮುಂದೆ ಕೂತ ಗಾದಿಲಿಂಗ
ಹದಿನಾಲ್ಕು ಸಲ ಸೀನಿದ.
ಅಂದಿನ ಹದಿನಾಲ್ಕು ಪ್ಯಾಂಟಿನ ಕಾಲು ಸೊಟ್ಟ.
ಬೆಕ್ಕು ತಂದರು. ಅದು ಬಟ್ಟೆಯ ರಾಶಿಯಲ್ಲೇ ಮಲಗಿ
ವಾರದೊಳಗೆ ನೀಲಿ ಹೊಟ್ಟೆಯ ಬೆಕ್ಕಾಯಿತು, ಅಷ್ಟೆ.

ಪಾಷಾಣವನ್ನೂ ತಂದೆ. ಸುಳ್ಳೇಕೆ?
ಅಂಗಡಿಯವನು ದನಿ ತಗ್ಗಿಸಿ ಕೊಟ್ಟ ಪುಡಿಕೆ,
ಒಂದು ರಾತ್ರಿ ಉಪ್ಪಿನ ಡಬ್ಬಿಯ ಹಿಂದೆ ಇತ್ತು.
ಮೇಜಿನ ಕೆಳಗೆ ಮಾಬುನ್ನಿಯ ಕೂಸು ಅಂಬೆಗಾಲಿಡುತ್ತದೆ,
ಸಿಕ್ಕ ಗುಂಡಿ, ಸಿಕ್ಕ ಚಿಂದಿ ಎಲ್ಲ ಬಾಯಿಗೆ.
ನಿದ್ದೆ ಬರಲಿಲ್ಲ.
ಬೆಳಿಗ್ಗೆ ಮರಳಿಸಿದೆ. ರೊಕ್ಕ ವಾಪಸ್ ಕೊಡಲಿಲ್ಲ ಅವನು.

ಎರ್ರಿತಾತ ತನ್ನ ಇಲಿಬೋನು ಕೊಟ್ಟ, ಒಂದು ಷರತ್ತು ಹಾಕಿ:
“ಕೊಲ್ಲಬ್ಯಾಡವ್ವಾ. ಬೆನ್ನ ಮ್ಯಾಲಿಂದು ರಾಮ ಸವರಿದ ಗೆರಿ.”
ನಾನು ಹೊಲಿಯುವವಳು. ನನಗೆ ಕಂಡದ್ದು ಬೇರೆ:
ಕತ್ತರಿಗೆ ಮೊದಲು ಚಾಕಿನಲ್ಲಿ ಎಳೆದ ಮೂರು ಗುರುತು,
ಯಾರೋ ಅಳತೆ ಹಿಡಿದು
ಕತ್ತರಿ ಮರೆತು ಎದ್ದುಹೋದ ಹಾಗೆ.

ನಾಲ್ಕು ಶೇಂಗಾ ಇಟ್ಟೆವು. ಹತ್ತು ನಿಮಿಷ ಸಾಕಾಯಿತು.
ಬಾಲಕ್ಕೆ ವಾಷಿಂಗಿನ ನೀಲಿ ಬಳಿದು, ಗುರುತಿಗೆ,
ಗಾದಿಲಿಂಗ ಟಿವಿಎಸ್ ಮೇಲೆ ಒಯ್ದು
ಹಗರಿಯ ಆಚೆ ಜಾಲಿಪೊದೆಗೆ ಬಿಟ್ಟುಬಂದ.
ಮರುದಿನ ಟೊಂಗೆಯ ಮೇಲೆ ಇನ್ನೊಂದು. ಬಾಲ ನೀಲಿಯಿಲ್ಲ.
ಅದನ್ನೂ ಬಿಟ್ಟುಬಂದ. ಮತ್ತೊಂದು.
ನೀಲಿ ಬಾಲದವು ಒಂದೂ ತಿರುಗಿ ಬರಲಿಲ್ಲ.
ಸಮಾಧಾನ ಆಗಬೇಕಿತ್ತು ನನಗೆ.
ಹಗರಿಯ ಆಚೆ ಯಾರ ಅಂಗಳವೋ,
ಯಾರ ದಾರವೋ.

ಬೋನಿಗೆ ನಾಲ್ಕನೆಯದು ಬಿದ್ದ ದಿನವೇ
ಮಾಲು ಕಟ್ಟುತ್ತಿದ್ದೆವು. ಸ್ಯಾಂಪಲ್ ಸೇರಿ ಇನ್ನೂರ ನಲವತ್ತು.
ಸ್ಯಾಂಪಲ್ ಗೂಟದಲ್ಲಿತ್ತು, ಮೂವತ್ತೆರಡರ ಸೊಂಟ.
ಇಳಿಸಹೋದರೆ ಹಿಂಜೇಬು ಬೆಚ್ಚಗಿದೆ.
ಒಳಗೆ ಹತ್ತಿ, ಹಳದಿ ದಾರ, ನೂರೆಂಟು ನೀಲಿ ಎಳೆ,
ನಡುವೆ ಮೂರು, ಬೆರಳಿನಷ್ಟು, ಕಣ್ಣಿಲ್ಲದ್ದು, ಕೂದಲಿಲ್ಲದ್ದು.
ಬೆನ್ನಿನ ಮೇಲೆ ಮಾತ್ರ
ಗೆರೆಯಾಗಬೇಕೋ ಬೇಡವೋ ಎಂಬಂಥ ನೆರಳು.

ನಾನು ಜೀವಮಾನದಲ್ಲಿ ಎಷ್ಟು ಜೇಬು ಹೊಲಿದಿದ್ದೇನೋ.
ಒಂದರೊಳಗೂ ಕೈಯಿಟ್ಟು ನೋಡಿರಲಿಲ್ಲ.

ಬೋನಿನ ಹತ್ತಿರ ಕೂತೆ. ಅದು ಸರಳು ಕಡಿಯುತ್ತಿತ್ತು.
ಹೊಟ್ಟೆಯ ಕೆಳಗೆ ಮೊಲೆತೊಟ್ಟು ಬಾತಿದ್ದವು.
ಗಾದಿಲಿಂಗ ಗಾಡಿಗೆ ಕಿಕ್ ಹೊಡೆದು
“ಕೊಡಕ್ಕಾ, ಹೊತ್ತಾಯ್ತು” ಎಂದ.
ಬಾಗಿಲು ಎತ್ತಿದೆ.
ಅದು ನನ್ನ ಮುಂಗೈ ಮೇಲೆಯೇ ಹಾದುಹೋಯಿತು,
ಉಗುರು ತುಸು ಗೀರಿತು.

ಸಂಜೆ ಸೇಟು ಎಣಿಸಿದ. ಮತ್ತೆ ಎಣಿಸಿದ.
“ಒಂದು ಪೀಸು ಕಮ್ಮಿ ಐತಲ್ಲ.”
“ಡ್ಯಾಮೇಜು” ಅಂದೆ.
ಗೂಟದ ಕಡೆ ನೋಡಲಿಲ್ಲ. ಬರೆದುಕೊಂಡ, ರೊಕ್ಕ ಹಿಡಿದುಕೊಂಡ.

ಅವನು ಹೋದ ಮೇಲೆ ಮಾಬುನ್ನಿ ಚಹಾ ತಂದಳು.
ಗೂಟದ ಜೇಬು ನೋಡಿದಳು, ಹಳದಿ ದಾರ ನೋಡಿದಳು, ನನ್ನನ್ನೂ.
ಕಪ್ಪು ಇಟ್ಟಳು.
ತುಸು ಸದ್ದಾಯಿತು.