ಎಲ್ಡರ್ ಈರಪ್ಪ

ಕೌಲ್ ಬಜಾರಿನ ಓಣಿಯಲ್ಲಿ ಬೆಳಗಿನ ಆರೂವರೆ.
ಎಲೀಷ ಎದ್ದು ಆಡಿನ ಮರಿಗೆ ಹೇಳುತ್ತಾನೆ: ಮಾಯೋಂಗ್ ಬುಂತಾಗ್.
ಶುಭೋದಯ ಅಂತಂತೆ, ಸೆಬೂ ಕಡೆ.
ಮರಿ ಜೀನ್ಸಿನ ಚಿಂದಿ ಮೆಲ್ಲುತ್ತದೆ.

ಚಹಾ ಬಿಟ್ಟು ವರ್ಷವಾಯಿತು ಅವನು.
ಅವ್ವ ಈಗಲೂ ಮರೆತು ಮೂರು ಲೋಟ ತೊಳೆದು
ಒಂದನ್ನು ಬೋರಲು ಹಾಕುತ್ತಾಳೆ.

ನನ್ನ ಮಿಷಿನ್ನಿನ ಮೇಲೆ ಹತ್ತು ಬಿಳಿ ಅಂಗಿ.
ಹಗಲೆಲ್ಲ ಜೀನ್ಸು ಹೊಲಿದ ಬೆರಳು,
ಎಷ್ಟು ತಿಕ್ಕಿದರೂ ಉಗುರಂಚಿನ ನೀಲಿ ಬಿಡದು.
ಮುಟ್ಟಬೇಡ ಅಕ್ಕಾ, ಎನ್ನುತ್ತಾನೆ.
ಮುಟ್ಟದೆ ಹೊಲಿಯೋದು ಹೆಂಗೋ?

ನಿನ್ನೆ ಹೆಸರಿನ ಬಿಲ್ಲೆ ಬಂತು, ಬೆರಳುದ್ದ.
ಎಲ್ಡರ್ ಅಂದರೆ ಹಿರಿಯ.
ವಯಸ್ಸು ಹತ್ತೊಂಬತ್ತು, ಮೀಸೆ ಇನ್ನೂ ಸಾಲದು.
ಮನೆತನದ ಹೆಸರು ಕೇಳಿದ ಫಾರಮ್ಮಿನಲ್ಲಿ
ಅಪ್ಪನ ಹೆಸರು ಬರೆದಿದ್ದ.
ಎಲ್ಡರ್ ಈರಪ್ಪ, ಓದಿದೆ.
ಇನ್ನೊಮ್ಮೆ ಓದು, ಅಂದಳು ಅವ್ವ.

ವಾಷಿಂಗ್ ಘಟಕದಲ್ಲಿ ಮೊಣಕಾಲ ತನಕ ನೀಲಿಯಲ್ಲಿ ನಿಂತವನು,
ಬಸ್ಸಿನ ಬೋರ್ಡು ಓದಲು ನನ್ನನ್ನು ಕರೆಯುತ್ತಿದ್ದವನು
ಇನ್ನೆರಡು ವರ್ಷ
ಕಡಲಾಚೆ ಯಾರದೋ ಬಾಗಿಲು ಬಡಿಯುತ್ತಾನೆ.

ಏಳನೇ ಅಂಗಿಯ ಕಾಲರಿನೊಳಗೆ
ನನ್ನ ಹೆಬ್ಬೆರಳಿನ ಗುರುತು ಬಿದ್ದಿದೆ.
ಸೋಪು ಹಚ್ಚಿ ನೋಡಿದೆ. ಆಮೇಲೆ
ಮಡಿಸಿ, ಎಲ್ಲದರ ಕೆಳಗಿಟ್ಟೆ.